ಶಿಲಾರಸ ಆರುವಾಗ ಹಾಲಿನ ಹಾಗೆ ಒಡೆಯುತ್ತದಾ? ಲಾಲ್‌ಬಾಗ್ ಬಂಡೆ ನೋಡಿ ಮಗಳು ಕೇಳಿದ ಪ್ರಶ್ನೆ

ಚಿನ್ನುವಿನ ಅಮ್ಮ · ಭಾನುವಾರ ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಿಗ್ಗೆ ಮಗಳನ್ನು ಕರೆದುಕೊಂಡು ಲಾಲ್‌ಬಾಗ್‌ಗೆ ಹೋಗಿದ್ದೆ. ಕೆಂಪೇಗೌಡರ ಗೋಪುರ ಇರುವ ಬಂಡೆ ಹತ್ತಿ ಕೂತೆವು. ಅವಳಿಗೆ ಹನ್ನೊಂದು ವರ್ಷ. ಬಂಡೆ ಮೇಲೆ ಬೋರಲು ಮಲಗಿಕೊಂಡು ಕಪ್ಪು ಪಟ್ಟೆ, ಬಿಳಿ ಪಟ್ಟೆ ಮೇಲೆ ಬೆರಳು ಓಡಿಸುತ್ತಾ ಇದ್ದಳು. ಇದ್ದಕ್ಕಿದ್ದ ಹಾಗೆ ಕೇಳಿದಳು: "ಅಮ್ಮ, ಸಾರಿನ ಮೇಲೆ ಒಗ್ಗರಣೆ ಎಣ್ಣೆ ಬೇರೆ ನಿಲ್ಲುತ್ತಲ್ಲ, ಇದೂ ಹಾಗೇನಾ? ಕಲ್ಲು ಕರಗಿದ್ದಾಗ ಎರಡು ಬೇರೆ ಬೇರೆ ಆಗಿಬಿಡ್ತಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಅಲ್ಲಿನ ಫಲಕದಲ್ಲಿ ಇದು ಪೆನಿನ್ಸುಲಾರ್ ನೈಸ್, 300 ಕೋಟಿ ವರ್ಷ ಹಳೆಯದು ಅಂತ ಇದೆ. ಪಟ್ಟೆ ಹೇಗೆ ಬಂತು ಅಂತ ಅದರಿಂದ ನನಗೆ ತಿಳಿಯಲಿಲ್ಲ. ಮನೆಗೆ ಬಂದು ಹುಡುಕಿದರೆ, ಕರಗಿದ ಕಲ್ಲು ಆರುವಾಗ ಒಂದಕ್ಕೊಂದು ಬೆರೆಯದ ಎರಡು ದ್ರವ ಆಗುವುದು ನಿಜ ಅಂತ ಒಂದು ಕಡೆ ಸಿಕ್ಕಿತು. ಹಾಗಾದರೆ ಲಾಲ್‌ಬಾಗ್ ಬಂಡೆಯೂ ಅದೇನಾ? ಬಲ್ಲವರು ಹೇಳಿ. ಬೆಳಿಗ್ಗೆಯಿಂದ ಮೂರು ಸಲ ಕೇಳಿದ್ದಾಳೆ.

ಮಾವಳ್ಳಿ ಮಂಜು · 8:52

ಹೌದು ಮೇಡಂ, ಅದೇ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಮಗಳು ಜಾಣೆ.

ಕಲ್ಲಿನ ಹಿಂದೆ · 9:15

ಮಗಳು ಜಾಣೆ ಅನ್ನುವುದನ್ನು ಒಪ್ಪುತ್ತೇನೆ, ಉತ್ತರವನ್ನು ಒಪ್ಪುವುದಿಲ್ಲ. ಮಂಜು ಅವರೇ, ಆ ಪಟ್ಟೆಗಳನ್ನು ಸರಿಯಾಗಿ ನೋಡಿ. ಅವು ಮೇಲೆ ಕೆಳಗೆ ಸಾಲಾಗಿ ಕೂತಿಲ್ಲ. ಮಡಚಿವೆ, ಸೊಟ್ಟಗಾಗಿವೆ, ಕೆಲವು ಕಡೆ ನೆಟ್ಟಗೆ ನಿಂತಿವೆ. ಲಾಲ್‌ಬಾಗ್ ಕಲ್ಲು ನೆಲದ ಆಳದಲ್ಲಿ ಕಾದು, ಒತ್ತಡಕ್ಕೆ ಸಿಕ್ಕಿ, ಅಲ್ಲಲ್ಲಿ ಸ್ವಲ್ಪ ಕರಗಿ, ಮತ್ತೆ ಗಟ್ಟಿಯಾದ ಕಲ್ಲು. ಜೋಳದ ರೊಟ್ಟಿ ಹಿಟ್ಟನ್ನು ಅಂಗೈಯಲ್ಲಿ ಒತ್ತಿ ಒತ್ತಿ ನಾದುತ್ತೇವಲ್ಲ, ಹಾಗೆ ನಾದಿಸಿಕೊಂಡಿದೆ. ಬಿಳಿ ಪಟ್ಟೆಯಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಜಾಸ್ತಿ. ಕಪ್ಪು ಪಟ್ಟೆಯಲ್ಲಿ ಕರಿ ಅಭ್ರಕ, ಹಾರ್ನ್‌ಬ್ಲೆಂಡ್ ಜಾಸ್ತಿ. ಎರಡು ದ್ರವ ಬೇರೆಯಾಗಿ ನಿಂತದ್ದಲ್ಲ ಅದು.

ಆದರೆ ಮಗಳು ಕೇಳಿದ ವಿಷಯ ಮಾತ್ರ ಪೂರ್ತಿ ನಿಜ. ಶಿಲಾರಸ ಒಡೆಯುತ್ತದೆ. ಲಾಲ್‌ಬಾಗ್‌ನಲ್ಲಿ ಅಲ್ಲ, ಬೇರೆ ಕಡೆ.

ಬಸಾಲ್ಟ್ ಅಂದರೆ ಲಾವಾ ಆರಿ ಆಗುವ ಕರಿಕಲ್ಲು. ಅದರ ರಸ ಸುಮಾರು 1200 ಡಿಗ್ರಿಯಲ್ಲಿ ನುಣ್ಣಗೆ ಒಂದೇ ದ್ರವ. ಆರುತ್ತಾ ಹೋದ ಹಾಗೆ ಹರಳು ಕಟ್ಟುತ್ತದೆ. ಹರಳುಗಳು ತಮಗೆ ಬೇಕಾದ್ದನ್ನು ಎಳೆದುಕೊಂಡು ಬೇಡದ್ದನ್ನು ರಸದಲ್ಲೇ ಬಿಡುತ್ತವೆ. ಹೀಗೆ ಉಳಿದ ರಸದಲ್ಲಿ ಕಬ್ಬಿಣ ಜಾಸ್ತಿಯಾಗುತ್ತಾ ಬರುತ್ತದೆ, ಜೊತೆಗೆ ರಂಜಕ, ಪೊಟ್ಯಾಸಿಯಂ. ಬಿಸಿ 1000 ಡಿಗ್ರಿಯ ಆಸುಪಾಸಿಗೆ ಇಳಿದಾಗ ಆ ಉಳಿದ ರಸವೇ ಎರಡಾಗುತ್ತದೆ. ಒಂದು ಕಬ್ಬಿಣದ ರಸ: ಭಾರ, ತೆಳು, ಕಂದು ಬಣ್ಣ. ಇನ್ನೊಂದು ಸಿಲಿಕಾ (ಸಿಲಿಕಾನ್, ಆಮ್ಲಜನಕ ಸೇರಿದ್ದು) ರಸ: ಹಗುರ, ಅಂಟಂಟು, ಹೆಚ್ಚು ಕಡಿಮೆ ಬಣ್ಣವಿಲ್ಲದ್ದು. ಎರಡೂ ದ್ರವವೇ. ಇದಕ್ಕೂ ಹರಳು ತಳಕ್ಕೆ ಕೂರುವುದಕ್ಕೂ ಅಲ್ಲೇ ವ್ಯತ್ಯಾಸ.

ಯಾಕೆ ಒಡೆಯುತ್ತದೆ ಅಂದರೆ, ಸಿಲಿಕಾನ್ ಮತ್ತು ಆಮ್ಲಜನಕ ಕೈ ಕೈ ಹಿಡಿದು ಬಲೆ ಕಟ್ಟುತ್ತವೆ. ಅಲ್ಯೂಮಿನಿಯಂ ಕೂಡ ಆ ಬಲೆಯಲ್ಲಿ ಸೇರಿಕೊಳ್ಳುತ್ತದೆ, ಪೊಟ್ಯಾಸಿಯಂ ಅದರ ಪಕ್ಕದಲ್ಲೇ ಹೊಂದಿಕೊಂಡಿರುತ್ತದೆ. ಕಬ್ಬಿಣಕ್ಕೆ ತನ್ನ ಸುತ್ತ ಬೇಕಾದಷ್ಟು ಆಮ್ಲಜನಕ ಆ ಬಲೆಯಲ್ಲಿ ಬಿಡುವಾಗಿ ಸಿಗುವುದಿಲ್ಲ. ಬಿಸಿ ಜಾಸ್ತಿ ಇರುವಾಗ ಎಲ್ಲವೂ ಕುಲುಕಾಡುತ್ತಾ ಬೆರೆತೇ ಇರುತ್ತವೆ. ಬಿಸಿ ಇಳಿದಾಗ ಕಬ್ಬಿಣ, ಟೈಟೇನಿಯಂ, ಕ್ಯಾಲ್ಸಿಯಂ, ರಂಜಕ ಒಂದು ಕಡೆ, ಬಲೆಯವರು ಇನ್ನೊಂದು ಕಡೆ.

ನಿವೃತ್ತ ರಸಾಯನ ಮೇಷ್ಟ್ರು · 9:48

ಮಗುವಿಗೆ ಎಣ್ಣೆ ಸಾರಿನ ಉದಾಹರಣೆ ಬಿಡಿಸಿ. ಎಣ್ಣೆ, ನೀರು ಯಾವತ್ತೂ ಒಂದಾಗಿರಲಿಲ್ಲ. ಎಷ್ಟು ಕುದಿಸಿದರೂ ಒಂದಾಗುವುದಿಲ್ಲ. ಇಲ್ಲಿ ವಿಷಯವೇ ಬೇರೆ: ಒಂದೇ ಆಗಿದ್ದದ್ದು, ಆರಿದ ಮೇಲೆ ಎರಡಾಗುತ್ತದೆ.

ಬಿಎಸ್ಸಿ ಮಾಡಿದವರಿಗೆ ಫೀನಾಲ್–ನೀರು ಪ್ರಾಕ್ಟಿಕಲ್ ನೆನಪಿರಬೇಕು. ನಾನು ಮೂವತ್ತೊಂದು ವರ್ಷ ಮಾಡಿಸಿದ್ದೇನೆ. ದಪ್ಪ ಗಾಜಿನ ಕೊಳವೆಯಲ್ಲಿ ಫೀನಾಲ್ ಮತ್ತು ನೀರು. ತಣ್ಣಗಿರುವಾಗ ಎರಡು ಪದರ, ನಡುವೆ ಕೂದಲೆಳೆಯಂಥ ಗೆರೆ. ಬಿಸಿನೀರಿನ ಬೀಕರಿನಲ್ಲಿ ಇಳಿಸಿ, ತಂತಿಯ ಬಳೆಯಿಂದ ಮೇಲೆ ಕೆಳಗೆ ಕಲಕುತ್ತಾ ಬಿಸಿ ಮಾಡಬೇಕು. ಪದರ ಹೋಗಿ ಬೆಳ್ಳಗೆ ಮೋಡ ಕವಿಯುತ್ತದೆ. ಇನ್ನೂ ಬಿಸಿ ಏರಿದರೆ, ಯಾರೋ ಪರದೆ ಎಳೆದ ಹಾಗೆ ಮೋಡ ಮಾಯ. ಕೊಳವೆಯ ಆಚೆ ಇರುವ ಥರ್ಮಾಮೀಟರಿನ ಅಂಕಿ ಸ್ಪಷ್ಟವಾಗಿ ಓದಬಹುದು. ಹೊರಗೆ ತೆಗೆದು ಆರಲು ಬಿಟ್ಟರೆ ಅದೇ ಬಿಸಿಯ ಹತ್ತಿರ ಮೋಡ ವಾಪಸು ಬರುತ್ತದೆ. ಅಳತೆ ಬದಲಾಯಿಸಿದರೆ ಮೋಡ ಬರುವ ಬಿಸಿಯೂ ಬದಲಾಗುತ್ತದೆ. ಆದರೆ ಸುಮಾರು 66 ಡಿಗ್ರಿ ದಾಟಿದ ಮೇಲೆ ಯಾವ ಅಳತೆಯಲ್ಲಿ ಬೆರೆಸಿದರೂ ಒಂದೇ ದ್ರವ.

ಶಿಲಾರಸದ ಕತೆ ಇದೇ. 66ರ ಬದಲು 1000 ಅಂತ ಓದಿಕೊಳ್ಳಿ. ಮನೆಯಲ್ಲಿ ಮಾತ್ರ ಯಾರೂ ಮಾಡಬೇಡಿ. ಫೀನಾಲ್ ಕೈಗೆ ತಾಗಿದರೆ ಚರ್ಮ ಬೆಳ್ಳಗಾಗಿ ಸುಡುತ್ತದೆ.

ಗಿರಿನಗರ ಗೃಹಿಣಿ · 9:55

ಮೇಷ್ಟ್ರೇ, ಹಾಲು ಒಡೆಯುವುದು ಆಗಬಹುದಲ್ವಾ? ಒಂದೇ ಇದ್ದದ್ದು ಎರಡಾಗುತ್ತದೆ. ಶೀರ್ಷಿಕೆಯಲ್ಲೂ ಅದೇ ಇದೆ.

ನಿವೃತ್ತ ರಸಾಯನ ಮೇಷ್ಟ್ರು · 10:02

ಅಲ್ಲ ತಾಯಿ. ಹಾಲು ಮೊದಲಿನಿಂದಲೂ ಒಂದೇ ದ್ರವ ಅಲ್ಲ. ನೀರಿನಲ್ಲಿ ಕೊಬ್ಬಿನ ಹನಿ, ಪ್ರೋಟೀನಿನ ಸಣ್ಣ ಕಣ ತೇಲುತ್ತಿರುತ್ತವೆ. ಹುಳಿ ಬಿದ್ದಾಗ ಪ್ರೋಟೀನ್ ಮುದ್ದೆಗಟ್ಟುತ್ತದೆ. ಮುದ್ದೆ ದ್ರವ ಅಲ್ಲ. ಆಮೇಲೆ, ಒಡೆದ ಹಾಲನ್ನು ಬಿಸಿ ಮಾಡಿ ಮತ್ತೆ ಹಾಲು ಮಾಡಲು ಆಗುತ್ತದಾ?

ಗಿರಿನಗರ ಗೃಹಿಣಿ · 10:04

ಅದು ಸರಿ. ಆಗುವುದಿಲ್ಲ. ಆದರೆ "ಒಡೆಯುತ್ತದೆ" ಅನ್ನುವ ಮಾತು ಚೆನ್ನಾಗಿದೆ, ಅದನ್ನು ಬಿಡಬೇಡಿ.

ಜಿಗಣಿ ಪಾಲಿಶ್ · 10:31

ನಾನು ಜಿಗಣಿಯಲ್ಲಿ ಕಲ್ಲು ಪಾಲಿಶ್ ಕೆಲಸದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಓದಿದವನಲ್ಲ, ಆದರೆ ಕಲ್ಲು ನೋಡಿದ್ದೇನೆ. ಕನಕಪುರ, ಚಾಮರಾಜನಗರ ಕಡೆಯ ಕರಿಕಲ್ಲು ದಿನಾ ಕೈಗೆ ಬರುತ್ತದೆ. ನಿಮ್ಮ ಮನೆಯ ಅಡುಗೆ ಕಟ್ಟೆಗೆ ಹಾಕಿಸುವ ಬ್ಲ್ಯಾಕ್ ಗ್ರಾನೈಟ್. ನೀರು ಬಿಟ್ಟುಕೊಂಡು ಕೊನೆಯ ಪಾಲಿಶ್ ಕೊಡುವಾಗ ಟ್ಯೂಬ್‌ಲೈಟಿನ ಬೆಳಕು ಓರೆಯಾಗಿ ಬೀಳಬೇಕು. ಆಗ ಕರಿ ಹರಳಿನ ಸಂದಿಯಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಕಾಣುತ್ತವೆ. ಬೂದು ಬಣ್ಣ, ಕೆಲವು ಸಲ ಸ್ವಲ್ಪ ಗುಲಾಬಿ. ಗಿರಾಕಿಗಳು ಚುಕ್ಕೆ ಇರುವ ಕಲ್ಲು ಬೇಡ ಅನ್ನುತ್ತಾರೆ. ಈ ಚುಕ್ಕೆ ನೀವು ಹೇಳುವ ಸಿಲಿಕಾ ರಸವಾ ಸರ್?

ಕಲ್ಲಿನ ಹಿಂದೆ · 10:50

ಅಣ್ಣ, ಎಂಥಾ ಪ್ರಶ್ನೆ ಕೇಳಿದಿರಿ! ಓದಿದವನಲ್ಲ ಅನ್ನಬೇಡಿ, ನಮ್ಮ ವಿದ್ಯಾರ್ಥಿಗಳು ಒಂದು ವರ್ಷ ಆದ ಮೇಲೂ ಇಷ್ಟು ನೋಡುವುದಿಲ್ಲ.

ಅಂಗಡಿಯಲ್ಲಿ ಗ್ರಾನೈಟ್ ಅಂದರೂ ಆ ಕರಿಕಲ್ಲು ಗ್ರಾನೈಟ್ ಅಲ್ಲ, ಡೋಲರೈಟ್. ಬಸಾಲ್ಟಿನ ರಸವೇ ನೆಲದೊಳಗಿನ ಬಿರುಕಿಗೆ ನುಗ್ಗಿ, ಗೋಡೆಯ ಹಾಗೆ ನಿಂತು, ನಿಧಾನವಾಗಿ ಆರಿದ್ದು. ಇಂಥ ಗೋಡೆಗೆ ಡೈಕ್ ಅನ್ನುತ್ತಾರೆ. ಬೆಂಗಳೂರಿನ ಸುತ್ತ ಪೂರ್ವ–ಪಶ್ಚಿಮವಾಗಿ ಹಾಯ್ದಿರುವ ಡೈಕುಗಳ ವಯಸ್ಸು ಸುಮಾರು 237 ಕೋಟಿ ವರ್ಷ. ನೀವು ನೋಡುವ ಚುಕ್ಕೆ ಬಹುಶಃ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಹೆಣೆದುಕೊಂಡು ಬೆಳೆದದ್ದು. ಎಲ್ಲ ಹರಳು ಕಟ್ಟಿ ಮುಗಿದ ಮೇಲೆ ಸಂದಿಯಲ್ಲಿ ಉಳಿದ ಕೊನೆಯ ರಸ ಅದು. ಅಲ್ಲಿಯವರೆಗೆ ನೀವು ಹೇಳಿದ್ದು ಸರಿ. ಆದರೆ ಆ ರಸ ಒಡೆದು ಬಂದದ್ದೋ, ಸುಮ್ನೆ ಉಳಿದು ಬಂದದ್ದೋ ಅಂತ ಬರಿಗಣ್ಣಿನಲ್ಲಿ ಹೇಳಲು ಆಗುವುದಿಲ್ಲ. ನಿಧಾನವಾಗಿ ಆರಿದ ಕಲ್ಲಿನಲ್ಲಿ ಹನಿಗಳೂ ಹರಳಾಗಿ ಗುರುತು ಅಳಿಸಿ ಹೋಗುತ್ತದೆ. ಬೇಗ ಆರಿ ಗಾಜಾದ ಕಲ್ಲಿನಲ್ಲಿ ಮಾತ್ರ ಹನಿ ಹನಿಯಾಗಿ ಉಳಿಯುತ್ತದೆ.

ವಿಜಯಪುರದವ · 11:08

ಆ ಹನಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ, ಹೇಳಲೇಬೇಕು.

ನಮ್ಮ ಕಡೆ ಕಾಲಿಟ್ಟಲ್ಲೆಲ್ಲ ಬಸಾಲ್ಟ್. ಗೋಳಗುಮ್ಮಟ ಕಟ್ಟಿದ್ದೂ ಅದೇ ಕರಿಕಲ್ಲಿನಲ್ಲಿ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ದಕ್ಖನ್ ಲಾವಾ. ಎಂಎಸ್ಸಿಯಲ್ಲಿ ನನ್ನ ಪ್ರಾಜೆಕ್ಟ್ ಆ ಕಲ್ಲಿನ ಮೇಲೆ. ಕಲ್ಲನ್ನು ಕೊಯ್ದು, ಗಾಜಿಗೆ ಅಂಟಿಸಿ, ಉಜ್ಜಿ ಉಜ್ಜಿ 0.03 ಮಿಲಿಮೀಟರ್ ದಪ್ಪಕ್ಕೆ ತರಬೇಕು. ಮೊದಲ ಎರಡು ಕೈ ತಪ್ಪಿ ಪೂರ್ತಿ ಸವೆದು ಹೋದವು. ಮೂರನೆಯದನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟೆ. ಎರಡು ಫೆಲ್ಡ್‌ಸ್ಪಾರ್ ಕಡ್ಡಿಗಳ ನಡುವೆ ಚಿಕ್ಕ ತಿಳಿ ಗಾಜಿನ ಜಾಗ. ಅದರೊಳಗೆ ಕಂದು ಮಣಿಗಳು. ಒಂದೊಂದೂ ಗುಂಡಗೆ, ಅಂಚು ಚೂಪಾಗಿ ಕಾಣುತ್ತದೆ. ಎರಡು ಮಣಿ ಒಂದಕ್ಕೊಂದು ತಾಗಿ ಸೇರಿಕೊಳ್ಳುವ ಹೊತ್ತಿಗೆ ಕಲ್ಲು ಗಟ್ಟಿಯಾಗಿದೆ, ಹಾಗೇ ಕಡಲೆಕಾಯಿ ಆಕಾರದಲ್ಲಿ ನಿಂತಿವೆ. ಹರಳಾಗಿದ್ದರೆ ಮೂಲೆ ಇರಬೇಕು. ಗುಂಡಗಿದೆ ಅಂದರೆ ಹನಿ. ಆ ದಿನ ಊಟ ಮರೆತು ನೋಡಿದ್ದೇನೆ.

ದಕ್ಖನ್ ಕಲ್ಲಿನಲ್ಲಿ ಇದು ಹೊಸ ವಿಷಯ ಅಲ್ಲ. 1974ರಲ್ಲೇ ಡೇ ಎಂಬ ಭೂವಿಜ್ಞಾನಿ ಇದರ ಬಗ್ಗೆ ಬರೆದಿದ್ದಾರೆ.

ರಾಮನಗರ ಹತ್ತುವವ · 11:20

ಹಾಗಾದರೆ ರಾಮನಗರದ ಬೆಟ್ಟ? ನಾವು ಬಂಡೆ ಹತ್ತಲು ಹೋದಾಗ ಗುಲಾಬಿ ಕಲ್ಲಿನೊಳಗೆ ಕರಿ ಉಂಡೆಗಳು ಕಾಣುತ್ತವೆ. ಕೆಲವು ತಟ್ಟೆಯಷ್ಟು, ಕೆಲವು ಬುಟ್ಟಿಯಷ್ಟು. ಗುಂಡಗೇ ಇವೆ. ವಿಜಯಪುರದವರ ಮಾತಿನ ಪ್ರಕಾರ ಇವೂ ಹನಿಗಳೇ ಆಗಬೇಕು. ಸೂಕ್ಷ್ಮದರ್ಶಕ ಯಾಕೆ ಬೇಕು?

ಕಲ್ಲಿನ ಹಿಂದೆ · 11:41

ಇಲ್ಲಿಯೇ ಜಾಸ್ತಿ ಜನ ಎಡವುವುದು. ದ್ರವವಾಗಿ ಸೇರಿಕೊಂಡವು ಅನ್ನುವುದು ನಿಜ. ಆದರೆ ಒಡೆದದ್ದಲ್ಲ.

ರಾಮನಗರದ್ದು ಕ್ಲೋಸ್‌ಪೇಟ್ ಗ್ರಾನೈಟ್, ಸುಮಾರು 250 ಕೋಟಿ ವರ್ಷದ್ದು. ಕ್ಲೋಸ್‌ಪೇಟೆ ಅನ್ನುವುದು ರಾಮನಗರದ ಹಳೆಯ ಹೆಸರು. ಅಲ್ಲಿ ಎರಡು ಬೇರೆ ಬೇರೆ ಶಿಲಾರಸ ಎದುರಾದವು. ಒಂದು ಆಳದಿಂದ ಬಂದ ಬಿಸಿ ಕರಿ ರಸ. ಇನ್ನೊಂದು ಅದಕ್ಕಿಂತ ತಣ್ಣಗಿನ, ಅಂಟಂಟು ಗ್ರಾನೈಟ್ ರಸ. ಕರಿ ರಸ ಒಳಗೆ ಬಿದ್ದು ಬೇಗ ಆರಿ ಉಂಡೆಯಾಯಿತು. ಬೆರೆಯಲು ಹೊತ್ತು ಸಾಲಲಿಲ್ಲ, ಅಷ್ಟೇ. ಹೊತ್ತು ಸಿಕ್ಕ ಕಡೆ ಬೆರೆತಿವೆ ಕೂಡ. ಉಂಡೆಯ ಅಂಚಿನಲ್ಲಿ ಬೂದು ಬಣ್ಣದ ಕಲ್ಲು ಇದ್ದರೆ, ಕರಿ ಉಂಡೆಯ ಒಳಗೆ ದೊಡ್ಡ ಗುಲಾಬಿ ಫೆಲ್ಡ್‌ಸ್ಪಾರ್ ಹರಳು ಸಿಕ್ಕಿಕೊಂಡಿದ್ದರೆ, ಅದೇ ಸಾಕ್ಷಿ. ಮುಂದಿನ ಸಲ ಹತ್ತುವಾಗ ಹುಡುಕಿ.

ಬೆರೆಯಲು ಆಗದೆ ಹೋದದ್ದು ಬೇರೆ, ಬೆರೆತಿದ್ದದ್ದು ಒಡೆದದ್ದು ಬೇರೆ.

ರಾಮನಗರ ಹತ್ತುವವ · 11:44

ಉಂಡೆ ಒಳಗೆ ಗುಲಾಬಿ ಹರಳು ನೋಡಿದ್ದೇನೆ!! ಫೋಟೋ ಇದೆ. ಸರಿ, ಒಪ್ಪಿದೆ.

ಸಂಶಯದ ಸುಬ್ಬು · ಸೋಮವಾರ ಬೆಳಿಗ್ಗೆ 6:50

ರಾತ್ರಿಯೆಲ್ಲ ಚರ್ಚೆ ನಡೆದಿದೆ. ನಾನು ಒಂದು ತಕರಾರು ಎತ್ತುತ್ತೇನೆ. ಹನಿ ಕಂಡಿತು, ಒಪ್ಪಿದೆ. ಆದರೆ ಕೂದಲಿಗಿಂತ ತೆಳು ಹನಿ ಇಟ್ಟುಕೊಂಡು "ಶಿಲಾರಸ ಒಡೆಯುತ್ತದೆ" ಅಂತ ದೊಡ್ಡದಾಗಿ ಹೇಳುವುದು ಸರಿಯಾ? ನಾವು ಭೂವಿಜ್ಞಾನ ಓದುವಾಗ ಬೋವೆನ್ ಹೆಸರು ಪ್ರತಿ ದಿನ ಕೇಳುತ್ತಿದ್ದೆವು. ಹರಳು ಬೇರೆಯಾಗುವುದರಿಂದಲೇ ಬಗೆಬಗೆಯ ಕಲ್ಲು ಆಗುತ್ತದೆ, ದ್ರವ ಒಡೆಯುವುದಕ್ಕೆ ಸಾಕ್ಷಿ ಇಲ್ಲ ಅಂತ ಅವರು 1928ರಲ್ಲೇ ಹೇಳಿದ್ದಾರೆ.

ಕಲ್ಲಿನ ಹಿಂದೆ · 8:05

ಸುಬ್ಬು ಸರ್, ಬೋವೆನ್ ಹೇಳಿದ್ದು ಆ ಕಾಲಕ್ಕೆ ಸರಿಯಾಗಿಯೇ ಇತ್ತು. 1927ರಲ್ಲಿ ಗ್ರೇಗ್ ಪ್ರಯೋಗ ಮಾಡಿ ಸಿಲಿಕಾ ತುಂಬಿದ ರಸ ಎರಡಾಗುವುದನ್ನು ತೋರಿಸಿದರು. ಆದರೆ ಅದಕ್ಕೆ 1700 ಡಿಗ್ರಿಯ ಹತ್ತಿರ ಬಿಸಿ ಬೇಕಿತ್ತು. ಭೂಮಿಯ ಯಾವ ಜ್ವಾಲಾಮುಖಿಯಲ್ಲೂ ಇವತ್ತು ಅಷ್ಟು ಬಿಸಿ ಇಲ್ಲ. ಬೋವೆನ್ ಇದನ್ನು ತಳ್ಳಿಹಾಕಿದ್ದು ಸಹಜ.

ಆಮೇಲೆ 1951ರಲ್ಲಿ ರೋಡರ್ ಪೊಟ್ಯಾಸಿಯಂ, ಕಬ್ಬಿಣ, ಅಲ್ಯೂಮಿನಿಯಂ, ಸಿಲಿಕಾ ಬೆರೆಸಿ ನೋಡಿದರು. ಅಲ್ಲಿ ತುಂಬಾ ಕಡಿಮೆ ಬಿಸಿಯಲ್ಲೇ ರಸ ಒಡೆಯಿತು. ನಿಜವಾದ ಶಿಲಾರಸದ ಬಿಸಿಯಲ್ಲಿ! ಆದರೂ ಕಲ್ಲಿನಲ್ಲಿ ಎಲ್ಲಿದೆ ಅಂತ ಜನ ಕೇಳುತ್ತಲೇ ಇದ್ದರು. 1969ರಲ್ಲಿ ಅಪೋಲೋ 11 ಚಂದ್ರನಿಂದ ಕಲ್ಲು ತಂದಿತು. ಅದೇ ರೋಡರ್, ವೈಬ್ಲೆನ್ ಜೊತೆ ಸೇರಿ ಆ ಕಲ್ಲಿನ ಸಂದಿಗಳಲ್ಲಿ ಎರಡು ಗಾಜು ಕಂಡರು. ಒಂದರಲ್ಲಿ ಮುಕ್ಕಾಲು ಪಾಲು ಸಿಲಿಕಾ, ಇನ್ನೊಂದರಲ್ಲಿ ಕಬ್ಬಿಣ ತುಂಬಿ ತುಳುಕುತ್ತಿತ್ತು. ನನಗೆ ಈಗಲೂ ಇದು ಮೈ ಜುಮ್ ಅನ್ನಿಸುವ ವಿಷಯ. ಪ್ರಯೋಗಾಲಯದ ಮೂಸೆಯಲ್ಲಿ ಸಿಕ್ಕ ಉತ್ತರಕ್ಕೆ ಸುಮಾರು ಇಪ್ಪತ್ತು ವರ್ಷ ಆದ ಮೇಲೆ ಚಂದ್ರನ ಕಲ್ಲು ಸಾಕ್ಷಿ ಹೇಳಿತು.

ದೊಡ್ಡ ಪ್ರಮಾಣದಲ್ಲಿ ಆಗುತ್ತದಾ ಅನ್ನುವ ನಿಮ್ಮ ತಕರಾರು ಮಾತ್ರ ಇವತ್ತಿಗೂ ಬದುಕಿದೆ. ಗ್ರೀನ್‌ಲ್ಯಾಂಡಿನ ಪೂರ್ವ ಕರಾವಳಿಯಲ್ಲಿ ಸ್ಕೇರ್‌ಗಾರ್ಡ್ ಅಂತ ಒಂದು ಜಾಗ ಇದೆ. ಸುಮಾರು 5.6 ಕೋಟಿ ವರ್ಷದ ಹಿಂದೆ ನೆಲದೊಳಗೆ ಒಂದು ದೊಡ್ಡ ಹಂಡೆ ರಸ ನಿಂತು ಆರಿದ ಜಾಗ. 2005ರಲ್ಲಿ ಅಲ್ಲಿನ ಅಪಟೈಟ್ ಹರಳುಗಳ ಹೊಟ್ಟೆಯಲ್ಲಿ ಎರಡೂ ರಸ ಸಿಕ್ಕಿಕೊಂಡಿದ್ದು ಸಿಕ್ಕಿತು. ಅಂದರೆ ಆ ಹರಳು ಬೆಳೆಯುವಾಗ ಪಕ್ಕದಲ್ಲಿ ಎರಡೂ ಇದ್ದವು. ಅವು ದೊಡ್ಡ ಪದರವಾಗಿ ಬೇರೆಯಾದವಾ, ಇಲ್ಲಾ ಹರಳಿನ ಕೆಸರಿನಲ್ಲೇ ಸಿಕ್ಕಿಹಾಕಿಕೊಂಡವಾ? ಇಲ್ಲಿ ಬಲ್ಲವರೇ ಎರಡು ಗುಂಪು. ನಾನು ಸ್ವಲ್ಪ ಮಟ್ಟಿಗೆ ಹರಿದು ಬೇರೆಯಾದವು ಅನ್ನುವ ಗುಂಪು. ಕಬ್ಬಿಣದ ರಸ ಭಾರವೂ ಹೌದು, ತೆಳುವೂ ಹೌದು. ಇಳಿಯದೆ ಇರುವುದು ಕಷ್ಟ.

ಸಂಶಯದ ಸುಬ್ಬು · 8:20

ಚಂದ್ರನ ಕಲ್ಲಿನ ಮಾತಿಗೆ ತಲೆಬಾಗಿದೆ. ಕೊನೆಯ ವಾಕ್ಯಕ್ಕೆ ಇಲ್ಲ. ಹಳ್ಳದಲ್ಲಿ ನೀರು ತೆಳು, ಆದರೆ ಮರಳು ತುಂಬಿದ್ದರೆ ಬಸಿಯಲು ಎಷ್ಟು ಹೊತ್ತು ಬೇಕು ಹೇಳಿ. ಸುತ್ತ ಹರಳು ತುಂಬಿರುವಾಗ ಹನಿ ಎಲ್ಲಿಗೆ ಇಳಿಯುತ್ತದೆ?

ಭದ್ರಾವತಿ ಮಗಳು · 9:10

ದೊಡ್ಡ ಪ್ರಮಾಣದಲ್ಲಿ ನೋಡಬೇಕಾ? ನಮ್ಮಪ್ಪ ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆಯ ಮುಂದೆ ಕೆಲಸ ಮಾಡಿದವರು. ಕರಗಿದ ಕಬ್ಬಿಣ ತಳಕ್ಕೆ, ಕಿಟ್ಟ ಮೇಲಕ್ಕೆ. ಎರಡಕ್ಕೂ ಬೇರೆ ಬೇರೆ ಬಾಯಿ. ಕಿಟ್ಟ ಅಂದರೆ ಕರಗಿದ ಕಲ್ಲೇ ಅಲ್ವಾ? ಕಬ್ಬಿಣ ಹರಿಯುವಾಗ ಕಿಡಿ ಚಿಮ್ಮುತ್ತದೆ, ಕಿಟ್ಟ ಜೇನಿನ ಹಾಗೆ ದಪ್ಪಗೆ ಬರುತ್ತದೆ ಅಂತ ಅಪ್ಪ ಕೈ ಆಡಿಸಿ ತೋರಿಸುತ್ತಿದ್ದರು. ನಾವು ಬೆಂಗಳೂರಿಗೆ ಬಂದ ಮೇಲೂ ಎಷ್ಟೋ ವರ್ಷ ಅವರ ಅಂಗಿಯಲ್ಲಿ ಸಣ್ಣ ಸಣ್ಣ ಸುಟ್ಟ ತೂತು ಇದ್ದವು.

ಕಲ್ಲಿನ ಹಿಂದೆ · 9:32

ಭದ್ರಾವತಿ ಅಕ್ಕ, ಒಳ್ಳೆಯ ಉದಾಹರಣೆ ಕೊಟ್ಟಿರಿ. ಭೂಮಿಯ ತಿರುಳಿಗೆ ಕಬ್ಬಿಣ ಇಳಿದದ್ದೂ ಹೀಗೇ. ಲೋಹದ ರಸ, ಕಲ್ಲಿನ ರಸ ಬೆರೆಯುವುದಿಲ್ಲ.

ಇದರ ಇನ್ನೊಬ್ಬ ಅಣ್ಣ ಗಂಧಕದ ರಸ. ಶಿಲಾರಸದಲ್ಲಿ ಗಂಧಕ ಸಾವಿರಕ್ಕೆ ಒಂದು ಪಾಲಿನ ಆಸುಪಾಸು ಮಾತ್ರ ಕರಗುತ್ತದೆ. ಜಾಸ್ತಿಯಾದರೆ ಕಬ್ಬಿಣ–ಗಂಧಕದ ಹನಿಗಳಾಗಿ ಹೊರಬರುತ್ತದೆ. ಆ ಹನಿಗೆ ನಿಕ್ಕಲ್, ತಾಮ್ರ, ಪ್ಲಾಟಿನಂ ಅಂದರೆ ಪ್ರಾಣ. ಸುತ್ತಲಿನ ರಸದಿಂದ ಎಲ್ಲ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಕೆನಡಾದ ಸಡ್‌ಬರಿ, ರಷ್ಯಾದ ನೊರಿಲ್ಸ್ಕ್ ಗಣಿಗಳ ನಿಕ್ಕಲ್ ಹೀಗೆ ಕೂಡಿದ್ದು. ಸುಬ್ಬು ಸರ್, ಇಲ್ಲಿ ಹನಿ ಇಳಿದು ಗಣಿಯೇ ಆಗಿದೆ.

ಸಂಶಯದ ಸುಬ್ಬು · 9:36

ಗಂಧಕದ್ದು ಒಪ್ಪುತ್ತೇನೆ. ಅದು ಬೇಗ ಹೊರಬರುತ್ತದೆ, ಆಗ ಸುತ್ತ ಹರಳು ಕಡಿಮೆ. ಸಿಲಿಕಾ–ಕಬ್ಬಿಣದ್ದು ಕೊನೆಗೆ ಒಡೆಯುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಕಲ್ಲಿನ ಹಿಂದೆ · 9:40

ನ್ಯಾಯವಾದ ಮಾತು.

ಮಾವಳ್ಳಿ ಮಂಜು · 10:15

ಕೆಜಿಎಫ್ ಚಿನ್ನವೂ ಹೀಗೇ ಇಳಿದದ್ದಾ?

ವಿಜಯಪುರದವ · 10:22

ಇಲ್ಲ ಮಂಜು. ಕೋಲಾರದ ಚಿನ್ನ ಬಿಸಿನೀರು ತಂದದ್ದು. ಆಳದಲ್ಲಿ ಬಿಸಿನೀರು ಬಿರುಕುಗಳಲ್ಲಿ ಹರಿದು ಬೆಣಚಿನ ಜೊತೆ ಚಿನ್ನ ಬಿಟ್ಟು ಹೋಯಿತು. ಅದಕ್ಕೇ ಅಲ್ಲಿ ಬಿಳಿ ಬೆಣಚಿನ ಪಟ್ಟಿ ಹಿಡಿದುಕೊಂಡು ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಹೋದರು.

ಪೀಣ್ಯ ಉಪಗ್ರಹ · 10:40

ಚಂದ್ರನ ಮಾತು ಬಂತು ಅಂತ ಕೇಳುತ್ತೇನೆ. 2023ರಲ್ಲಿ ಚಂದ್ರಯಾನ 3 ಇಳಿದಾಗ ರೋವರ್ ಮಣ್ಣು ಪರೀಕ್ಷೆ ಮಾಡಿ, ಚಂದ್ರ ಒಂದು ಕಾಲದಲ್ಲಿ ಪೂರ್ತಿ ಶಿಲಾರಸದ ಕಡಲಾಗಿತ್ತು ಅನ್ನುವುದಕ್ಕೆ ಹೊಂದುವ ಫಲಿತಾಂಶ ಬಂತಲ್ಲ. ಅಲ್ಲಿ ಬಿಳಿ ಭಾಗ ಮೇಲೆ ಬಂದದ್ದೂ ಒಡೆದೇ ತಾನೆ?

ಕಲ್ಲಿನ ಹಿಂದೆ · 11:00

ಅದು ಹರಳು ತೇಲಿದ್ದು. ಪ್ಲಾಜಿಯೋಕ್ಲೇಸ್ ಹರಳು ರಸಕ್ಕಿಂತ ಹಗುರ, ಮೇಲೆ ಬಂದು ತೊಗಟೆ ಕಟ್ಟಿತು. ಗಟ್ಟಿ ತೇಲಿದರೆ ಒಂದು ಕತೆ, ದ್ರವದಿಂದ ದ್ರವ ಬೇರೆಯಾದರೆ ಇನ್ನೊಂದು ಕತೆ. ಚಂದ್ರನಲ್ಲಿ ಎರಡೂ ನಡೆದಿವೆ.

ಗಿರಿನಗರ ಗೃಹಿಣಿ · 11:30

ಇದಕ್ಕೆ ಕನ್ನಡದಲ್ಲಿ ಏನು ಹೇಳಬೇಕು? ಪಠ್ಯಪುಸ್ತಕದವರು ಅಮಿಶ್ರಣೀಯತೆ ಅನ್ನುತ್ತಾರೆ. ಚಿನ್ನು ವಯಸ್ಸಿನ ಮಕ್ಕಳ ನಾಲಿಗೆ ಹೊರಳುವುದಿಲ್ಲ.

ನಿವೃತ್ತ ರಸಾಯನ ಮೇಷ್ಟ್ರು · 11:42

"ಬೆರೆಯದ ರಸ" ಅಂದರೆ ಎಣ್ಣೆ–ನೀರಿಗೂ ಹೊಂದುತ್ತದೆ. "ಒಡೆದ ರಸ" ಅನ್ನಿ. ಮೊದಲು ಒಂದಾಗಿತ್ತು ಅನ್ನುವುದು ಆ ಮಾತಿನಲ್ಲೇ ಇದೆ. ನಿಮ್ಮದೇ ಸಲಹೆ ತಾಯಿ.

ಜಿಗಣಿ ಪಾಲಿಶ್ · ಮಧ್ಯಾಹ್ನ 1:20

ಚುಕ್ಕೆ ಇರುವ ಒಂದು ತುಂಡು ಎತ್ತಿಟ್ಟಿದ್ದೇನೆ. ಅಂಗೈ ಅಗಲ ಇದೆ. ಕಲ್ಲು ಸರ್‌ಗೆ ಬೇಕಾದರೆ ಕೊಡುತ್ತೇನೆ, ತೆಳ್ಳಗೆ ಕೊಯ್ದು ನೋಡಿ.

ಕಲ್ಲಿನ ಹಿಂದೆ · 1:25

ಖಂಡಿತ ಬೇಕು ಅಣ್ಣ. ಶನಿವಾರ ನಾನೇ ಜಿಗಣಿಗೆ ಬರುತ್ತೇನೆ. ಎರಡು ಚೂರು ಮಾಡಿ, ಒಂದು ನಿಮಗೇ ಉಳಿಯಲಿ.

ಚಿನ್ನುವಿನ ಅಮ್ಮ · ಸಂಜೆ 6:10

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಅವಳಿಗೆ ಎಲ್ಲ ಓದಿ ಹೇಳಿದೆ. ಲಾಲ್‌ಬಾಗ್ ಬಂಡೆ ಒಡೆದ ರಸ ಅಲ್ಲ ಅಂದಾಗ ಮುಖ ಸಪ್ಪೆಯಾಯಿತು. ಕಡಲೆಕಾಯಿ ಆಕಾರದ ಹನಿಯ ಮಾತು ಬಂದಾಗ ಎದ್ದು ಕೂತಳು. ಈಗ ಹೊಸ ಪ್ರಶ್ನೆ: "ಫೀನಾಲ್ ಥರಾ ಆ ಕಲ್ಲಿನ ಹನಿಯನ್ನು ಮತ್ತೆ ಬಿಸಿ ಮಾಡಿದರೆ ಮತ್ತೆ ಒಂದೇ ಆಗುತ್ತಾ?"

ಕಲ್ಲಿನ ಹಿಂದೆ · 6:34

ಚಿನ್ನುಗೆ ಹೇಳಿ, ಆಗುತ್ತದೆ. ಹರಳಿನೊಳಗೆ ಸಿಕ್ಕ ಹನಿಯನ್ನು ಸೂಕ್ಷ್ಮದರ್ಶಕದ ಕೆಳಗೇ ಪುಟ್ಟ ಕುಲುಮೆಯಲ್ಲಿ ಕಾಯಿಸುತ್ತಾರೆ. ಸಾವಿರ ಡಿಗ್ರಿ ದಾಟಿದ ಮೇಲೆ ಕಂದು ಹನಿಯ ಅಂಚು ಮಸುಕಾಗಿ, ಎರಡೂ ಸೇರಿ ಒಂದೇ ಬಣ್ಣ ಆಗುತ್ತದೆ. ನಿಜವಾಗಿ ಒಡೆದದ್ದೋ, ಇಲ್ಲಾ ಬೇರೆ ಕಡೆಯಿಂದ ಬಂದು ಸೇರಿದ್ದೋ ಅಂತ ಪರೀಕ್ಷೆ ಮಾಡುವ ಒಂದು ದಾರಿಯೇ ಅದು. ಎರಡನೆಯ ದಾರಿ ಬೋವೆನ್ ಹೇಳಿಕೊಟ್ಟದ್ದು: ಎರಡು ರಸ ನಿಜವಾಗಿ ಜೋಡಿಯಾದರೆ, ಎರಡರಿಂದಲೂ ಅದೇ ಬಗೆಯ ಹರಳುಗಳೇ ಕಟ್ಟಬೇಕು, ಪಾಲು ಮಾತ್ರ ಹೆಚ್ಚು ಕಡಿಮೆ.

ಶನಿವಾರ ಜಿಗಣಿಗೆ ಅವಳನ್ನೂ ಕರೆದುಕೊಂಡು ಬನ್ನಿ. ಕಲ್ಲು ಕೊಯ್ಯುವುದನ್ನು ನೋಡಲಿ.

ಜಿಗಣಿ ಪಾಲಿಶ್ · 6:41

ಬನ್ನಿ ಅಕ್ಕ. ಬೆಳಿಗ್ಗೆ ಹತ್ತರ ಒಳಗೆ ಬಂದರೆ ಒಳ್ಳೆಯದು, ಆಮೇಲೆ ಲೋಡ್ ಬರುತ್ತದೆ. ಮಗುವಿಗೆ ಕಿವಿಗೆ ಹತ್ತಿ ತನ್ನಿ, ಮಿಷನ್ ಸದ್ದು ಜಾಸ್ತಿ.